ಕೊಡೈಕೆನಾಲ್‌ಗೆ ಮಿತಿಯೂ ಬೇಕು, ಬಸ್ಸೂ ಬೇಕು





ಊಟಿ, ಕೊಡೈಕೆನಾಲ್‌ಗಳಿಗೆ ವಾಹನ ಒಯ್ಯಲು ಇ-ಪಾಸ್ ಕಡ್ಡಾಯ ಮಾಡಿರುವುದು ಪ್ರವಾಸಿಗರಿಗೆ, ಅದರಲ್ಲೂ ಕರ್ನಾಟಕದವರಿಗೆ ಮಾಡಿದ ಅನ್ಯಾಯ ಎಂಬ ಧಾಟಿಯ ಪತ್ರಗಳು ಈ ಅಂಕಣದಲ್ಲಿ ಬರುತ್ತಿವೆ. ಈ ಬೇಸಿಗೆಯಲ್ಲಿ ಕೊಡೈಕೆನಾಲ್‌ಗೆ ಹೋಗಿ ಬಂದ ನಾನು ಇದನ್ನು ಒಪ್ಪಲಾರೆ. ನನ್ನ ತಕರಾರು ಬೇರೆ. ಕಾರುಗಳಿಗೆ ಮಿತಿ ಹಾಕಿದ್ದು ಸರಿ. ಕಾರು ಬಿಟ್ಟು ಬರುವವರಿಗೆ ದಾರಿ ಮಾಡಿಕೊಡದೆ ಸುಮ್ಮನಾಗಿರುವುದು ತಪ್ಪು.

ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಂದು ಇ-ಪಾಸ್ ಜಾರಿಗೆ ಬಂದಾಗ ಅದು ಲೆಕ್ಕ ಇಡುವುದಕ್ಕಷ್ಟೇ ಇತ್ತು. ಅರ್ಜಿ ಹಾಕಿದವರಿಗೆಲ್ಲ ಸಿಗುತ್ತಿತ್ತು. 2025ರ ಮಾರ್ಚ್‌ನಲ್ಲಿ ಕೋರ್ಟ್ ಸಂಖ್ಯೆಯನ್ನೇ ಗೊತ್ತುಮಾಡಿತು. ಆ ವರ್ಷ ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ ಕೊಡೈಕೆನಾಲ್‌ಗೆ ವಾರದ ದಿನಗಳಲ್ಲಿ 4,000, ವಾರಾಂತ್ಯದಲ್ಲಿ 6,000 ವಾಹನ. ಸರ್ಕಾರಿ ಬಸ್ಸು, ಸ್ಥಳೀಯರ ವಾಹನ, ರೈತರ ಸರಕಿನ ಗಾಡಿಗಳಿಗೆ ಇದು ಅನ್ವಯಿಸುವುದಿಲ್ಲ. ಊಟಿ, ಕೊಡೈಕೆನಾಲ್ ಎಷ್ಟು ಭಾರ ತಾಳಬಲ್ಲವು ಎಂದು ಅಧ್ಯಯನ ಮಾಡುವ ಕೆಲಸ ಐಐಟಿ ಮದ್ರಾಸ್ ಜೊತೆಗೆ ನಮ್ಮ ಬೆಂಗಳೂರಿನ ಐಐಎಂಗೂ ಬಂದಿದೆ.

ನಾಲ್ಕು ಸಾವಿರ ಕಡಿಮೆಯಾಯಿತು ಎನ್ನುವವರು ಒಂದು ಸಣ್ಣ ಲೆಕ್ಕ ಹಾಕಿ ನೋಡಲಿ. ಕೊಡೈಕೆನಾಲ್ ಊರಿನ ಜೀವವೆಲ್ಲ ಅಲ್ಲಿನ ಕೆರೆ. 1863ರಲ್ಲಿ ವೆರ್ ಲೆವಿಂಜ್ ಎಂಬ ಅಧಿಕಾರಿ ತೊರೆಗಳಿಗೆ ಕಟ್ಟೆ ಕಟ್ಟಿಸಿ ಮಾಡಿದ್ದು. ಹರವು ಸುಮಾರು 24 ಹೆಕ್ಟೇರ್, ಸುತ್ತಿನ ರಸ್ತೆ ಸುಮಾರು 5 ಕಿಲೋಮೀಟರ್. ಒಂದು ಕಾರಿಗೆ 5 ಮೀಟರ್ ಜಾಗವೆಂದರೆ ಒಂದು ಸಾವಿರ ಕಾರಿಗೆ ಆ ರಸ್ತೆ ಒಂದು ಸುತ್ತು ಭರ್ತಿ. ನಾಲ್ಕು ಸಾವಿರವೆಂದರೆ ಕೆರೆಯ ಸುತ್ತ ನಾಲ್ಕು ಸಾಲು, ವಾರಾಂತ್ಯದಲ್ಲಿ ಆರು ಸಾಲು. ಕುದುರೆ ಸವಾರಿ, ಬಾಡಿಗೆ ಸೈಕಲ್ಲು, ಮುಸುಕಿನ ಜೋಳ ಸುಡುವವರ ಗಾಡಿ, ನಡೆಯುವ ಜನ ಎಲ್ಲವೂ ಇರುವುದು ಅದೇ ರಸ್ತೆಯಲ್ಲಿ.

ನಾನು ಬೆಟ್ಟದ ಕೆಳಗಿರುವ ವತ್ತಲಗುಂಡುವಿನಿಂದ ಸರ್ಕಾರಿ ಬಸ್ಸಿನಲ್ಲಿ ಘಾಟಿ ಹತ್ತಿದೆ. ಸಿಲ್ವರ್ ಕ್ಯಾಸ್ಕೇಡ್ ಜಲಪಾತದ ತಿರುವಿನಲ್ಲಿ ಬಸ್ಸು ನಿಂತಿತು, ನಿಂತೇ ಇತ್ತು. ರಸ್ತೆಯ ಎರಡೂ ಬದಿಗೆ ಕಾರು ನಿಲ್ಲಿಸಿ ಜನ ಫೋಟೊ ತೆಗೆಯುತ್ತಿದ್ದರು. ಕಂಡಕ್ಟರ್ ಇಳಿದು, ಸೀಟಿ ಊದುತ್ತ, ಒಂದೊಂದೇ ಕಾರಿನ ಗಾಜು ತಟ್ಟಿ ಬೇಡಿಕೊಳ್ಳಬೇಕಾಯಿತು. ಆ ಸಾಲಿನಲ್ಲಿ ಕೆಎ ನಂಬರಿನ ಕಾರುಗಳು ಬೇಕಾದಷ್ಟಿದ್ದವು. ನನ್ನ ಪಕ್ಕದಲ್ಲಿ ಕುಳಿತ ಅಜ್ಜಿ ಆಸ್ಪತ್ರೆಯ ಚೀಟಿ, ಎಕ್ಸ್‌ರೇ ಕವರನ್ನು ಎದೆಗವಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಮೇ ತಿಂಗಳೆಲ್ಲ ಹೀಗೇ ಎಂದರು. ಬಸ್ಸಿನಲ್ಲಿದ್ದ ಮುಕ್ಕಾಲುಪಾಲು ಜನ ಆ ಊರಿನವರೇ. ಇನ್ನೊಂದು ಮಾತು: ಆ ಜಲಪಾತದಲ್ಲಿ ಬೀಳುವುದು ಕೊಡೈ ಕೆರೆಯಿಂದ ಹೊರಬಿದ್ದ ನೀರೇ. ಮೇಲೆ ಕೆರೆಗೆ ನಾವು ಸೇರಿಸಿದ ಕೊಳಕಿನ ಮುಂದೆಯೇ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದೇವೆ.

ಇ-ಪಾಸ್ ಮಿತಿಯನ್ನು ಕನ್ನಡಿಗರ ಮೇಲಿನ ದ್ವೇಷ ಎನ್ನುವವರಿಗೆ ಬಂಡೀಪುರ ನೆನಪಿಲ್ಲವೇ? 2009ರಿಂದ ಕೇರಳಕ್ಕೆ ಹೋಗುವ ಅಲ್ಲಿನ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಕೇರಳ ಎಷ್ಟು ಒತ್ತಡ ತಂದರೂ ಅದನ್ನು ಸಡಿಲಿಸಬಾರದೆಂದು ನಮ್ಮ ಪರಿಸರಾಸಕ್ತರು ಹೋರಾಡಿದ್ದಾರೆ, ನಾವೆಲ್ಲ ಬೆಂಬಲಿಸಿದ್ದೇವೆ. ನಮ್ಮ ಕಾಡಿಗೆ ಒಂದು ನ್ಯಾಯ, ಪಕ್ಕದವರ ಬೆಟ್ಟಕ್ಕೆ ಇನ್ನೊಂದು ನ್ಯಾಯವೇ?

ಕೊಡೈಕೆನಾಲ್‌ನ ವ್ಯಾಪಾರಿಗಳ ಆತಂಕವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಅವರಿಗೆ ವರ್ಷದ ದುಡಿಮೆ ಬೇಸಿಗೆಯ ಎರಡು ಮೂರು ತಿಂಗಳಲ್ಲೇ ಆಗಬೇಕು. ಆದರೆ ಮಿತಿ ಇರುವುದು ಗಾಡಿಗೆ, ಮನುಷ್ಯರಿಗಲ್ಲ. ಒಂದು ಬಸ್ಸಿನಲ್ಲಿ ಐವತ್ತು ಜನ ಬಂದರೆ ಹತ್ತು ಹನ್ನೆರಡು ಕಾರು ಕಡಿಮೆಯಾಗುತ್ತವೆ, ಗಿರಾಕಿ ಒಬ್ಬರೂ ಕಡಿಮೆಯಾಗುವುದಿಲ್ಲ. ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಕಾರಿನೊಳಗೆ ಕೂತವರು ಯಾರ ಅಂಗಡಿಗೂ ಹೋಗುವುದಿಲ್ಲ.

ಹಾಗಾಗಿ ಕೇಳಬೇಕಾದ್ದು ಪಾಸ್ ರದ್ದು ಮಾಡಿ ಎಂದಲ್ಲ, ಬಸ್ಸು ಕೊಡಿ ಎಂದು. ಘಾಟಿಯ ಬುಡದಲ್ಲಿ ಕಾರು ನಿಲ್ಲಿಸಲು ನೆರಳು, ಶೌಚಾಲಯ ಇರುವ ಜಾಗ ಮಾಡಿ, ಅಲ್ಲಿಂದ ಮೇಲಕ್ಕೆ ಬೆಳಗಿನಿಂದ ರಾತ್ರಿಯವರೆಗೆ ಮಿನಿ ಬಸ್ಸು ಓಡಿಸುವುದು ತಮಿಳುನಾಡು ಸರ್ಕಾರದ ಕೆಲಸ. ನಮ್ಮ ಕಡೆಯಿಂದಲೂ ಆಗಬೇಕಾದ್ದಿದೆ. ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ಬೆಂಗಳೂರಿನ ಮೇಲೆ ಹಾದು ಬೆಳಗಿನ ಜಾವ ಕೊಡೈಕೆನಾಲ್ ರೋಡ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಅಲ್ಲಿಂದ ಊರು ಸುಮಾರು 80 ಕಿಲೋಮೀಟರ್. ಮಕ್ಕಳು, ಲಗೇಜು ಕಟ್ಟಿಕೊಂಡು ಅಲ್ಲಿಳಿದ ಸಂಸಾರಕ್ಕೆ ಮುಂದಿನ ಬಸ್ಸು ಎಲ್ಲಿ, ಯಾವಾಗ ಎಂಬ ಭರವಸೆ ಇಲ್ಲದಿದ್ದರೆ ಅವರು ಮುಂದಿನ ಸಲ ಕಾರನ್ನೇ ತರುತ್ತಾರೆ. ರೈಲಿನ ವೇಳೆಗೆ ಸರಿಯಾಗಿ ನಿಲ್ದಾಣದ ಬಾಗಿಲಿಗೇ ಬಸ್ಸು ಬರುವಂತೆ ಎರಡೂ ರಾಜ್ಯಗಳ ಸಾರಿಗೆ ಇಲಾಖೆಗಳು ಮಾತಾಡಿಕೊಳ್ಳಲಿ. ಕೆಎಸ್‌ಆರ್‌ಟಿಸಿ ಬೇಸಿಗೆ ರಜೆಗೆ ಹೆಚ್ಚುವರಿ ಬಸ್ಸು ಬಿಡಲಿ, ಅದನ್ನು ಪರೀಕ್ಷೆಗಳು ಮುಗಿಯುವ ಮುನ್ನವೇ ಪ್ರಕಟಿಸಲಿ. ಜನ ರಜೆಯ ಪ್ರಯಾಣ ಗೊತ್ತುಮಾಡುವುದು ಆಗಲೇ.

— ನಿವೃತ್ತ ಶಿಕ್ಷಕಿ, ಬಸವನಗುಡಿ, ಬೆಂಗಳೂರು