ಗಣಕಯಂತ್ರಕ್ಕೆ ಮುಂಚಿನ ಪಾಠ

ದಾನಿಗಳು ಶಾಲೆಗೆ ಗಣಕಯಂತ್ರಗಳನ್ನು ಕೊಡಿಸುವುದು ಸ್ತುತ್ಯವಾದ ಕಾರ್ಯ. ಆದರೆ ಯಂತ್ರಗಳನ್ನು ಎಣಿಸುವಷ್ಟು ಉತ್ಸಾಹದಿಂದ, ಅವುಗಳ ಮುಂದೆ ಕುಳಿತ ಮಗು ಏನನ್ನು ಕಲಿಯುತ್ತಿದೆಯೆಂದು ನಾವು ವಿಚಾರಿಸುತ್ತಿಲ್ಲವೆಂಬುದು ನನ್ನ ಅಭಿಪ್ರಾಯ.

ನಮ್ಮ ಭಾಗದ ಯುವಕರು ಇಂದು ಬೆಂಗಳೂರು, ಹೈದರಾಬಾದುಗಳಲ್ಲಿ ‘ಬಿಸಿನೆಸ್ ಅನಲಿಸ್ಟ್’ ಎಂಬ ಹುದ್ದೆಗೆ ಸೇರುತ್ತಿದ್ದಾರೆ. ವ್ಯಾಪಾರಸ್ಥನ ಅಗತ್ಯವನ್ನು ಕೇಳಿ ತಿಳಿದು, ತಂತ್ರಾಂಶ ಬರೆಯುವವನಿಗೆ ಸಂಶಯವುಳಿಯದಂತೆ ಬರೆದು ತಿಳಿಸುವುದೇ ಆ ಕಾಯಕ. ಅದರ ಸಾಮಗ್ರಿಯೇನೂ ಅಪರೂಪದ್ದಲ್ಲ: ಲೆಕ್ಕದ ಕೋಷ್ಟಕಕ್ಕೆ ಎಕ್ಸೆಲ್, ಬರವಣಿಗೆಗೆ ವರ್ಡ್, ಕೆಲಸದ ಹಾದಿಯನ್ನು ಚಿತ್ರಿಸಲು ವಿಸಿಯೊ, ಬಾಕಿ ಕೆಲಸಗಳ ಪಟ್ಟಿಗೆ ಜಿರಾ. ಇವುಗಳ ಬಳಕೆಯನ್ನು ಜಾಣ ಹುಡುಗ ಕೆಲವೇ ತಿಂಗಳಲ್ಲಿ ಕಲಿತಾನು. ಏನನ್ನು ಕೇಳಬೇಕೆಂಬುದು ಮಾತ್ರ ಅಷ್ಟು ಬೇಗ ಬರುವಂಥದಲ್ಲ.

ಗಂಗಾವತಿಯ ಅಕ್ಕಿ ಗಿರಣಿಗಳ ಲೆಕ್ಕವನ್ನೇ ತೆಗೆದುಕೊಳ್ಳೋಣ. ನೂರಕ್ಕೆ 20 ಭಾಗ ತೇವಾಂಶವಿರುವ 100 ಕ್ವಿಂಟಲ್ ಭತ್ತವನ್ನು, ತೇವಾಂಶ 14ಕ್ಕೆ ಇಳಿಯುವವರೆಗೆ ಒಣಗಿಸಿದರೆ ಎಷ್ಟು ಉಳಿದೀತು? 94 ಎಂಬ ಉತ್ತರ ಥಟ್ಟನೆ ಬಾಯಿಗೆ ಬರುತ್ತದೆ. ಆದರೆ ಒಣಗಿಸಿದಾಗ ಹೋಗುವುದು ನೀರು ಮಾತ್ರ. ಒಣ ಅಂಶವಾದ 80 ಕ್ವಿಂಟಲ್ ಹಾಗೆಯೇ ಉಳಿದು, ಹೊಸ ತೂಕದಲ್ಲಿ ನೂರಕ್ಕೆ 86 ಭಾಗವಾಗಬೇಕು. ಆದ್ದರಿಂದ ಉಳಿಯುವುದು ಸುಮಾರು 93 ಕ್ವಿಂಟಲ್. ಹೆಚ್ಚುಕಡಿಮೆ ಒಂದು ಕ್ವಿಂಟಲಿನ ವ್ಯತ್ಯಾಸ! ತಪ್ಪು ಸೂತ್ರವನ್ನು ಕೊಟ್ಟರೂ ಎಕ್ಸೆಲ್ ಅದನ್ನು ಸಾವಿರ ಸಾಲುಗಳಿಗೆ ಕ್ಷಣಾರ್ಧದಲ್ಲಿ ಹರಡುತ್ತದೆ. ಆಕ್ಷೇಪಿಸುವ ಬುದ್ಧಿ ಅದಕ್ಕಿಲ್ಲ.

ಮುಂದುವರಿದ ದೇಶಗಳೂ ಇದಕ್ಕೆ ಹೊರತಲ್ಲ. 2020ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಇಂಗ್ಲೆಂಡಿನ ಸುಮಾರು 16,000 ಕೊರೋನಾ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದ ಹಳೆಯ ಮಾದರಿಯ ಎಕ್ಸೆಲ್ ಕಡತವನ್ನು ಬಳಸಿದ್ದೇ ಕಾರಣ. ರೋಗಿಗಳ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕಾರ್ಯವೂ ಅಷ್ಟು ದಿನ ತಡವಾಯಿತು.

ಬಿಜ್ಜಳನ ಭಂಡಾರವನ್ನು ನಿರ್ವಹಿಸಿದ ಬಸವಣ್ಣನವರನ್ನು ನಿತ್ಯ ಸ್ಮರಿಸುವ ನಾವು ಲೆಕ್ಕ ಬರೆಯುವ ವಿದ್ಯೆಯನ್ನು ಗುಮಾಸ್ತರ ಪಾಲಿಗೆ ಬಿಟ್ಟಿರುವುದು ವಿಚಿತ್ರವೇ ಸರಿ. ಇಂಗ್ಲಿಷ್ ಬಾರದೆಂದು ಕುಷ್ಟಗಿ, ಯಲಬುರ್ಗಾಗಳ ಹಳ್ಳಿಯ ಮಕ್ಕಳು ಹಿಂಜರಿಯುವುದುಂಟು. ಇಂಗ್ಲಿಷ್ ಬೇಕು, ನಿಜ. ಆದರೆ ತಾನು ಕಂಡ ಕೆಲಸವನ್ನು ಕನ್ನಡದಲ್ಲಿಯೇ ಕ್ರಮವಾಗಿ ಹೇಳಲಾರದವನು ಇಂಗ್ಲಿಷಿನಲ್ಲಿ ಏನು ಹೇಳಿಯಾನು?

ಒಂಬತ್ತನೆಯ ತರಗತಿಯ ಮಕ್ಕಳನ್ನು ತಿಂಗಳಿಗೊಮ್ಮೆ ಗಿರಣಿಗೋ, ಕೃಷಿ ಮಾರುಕಟ್ಟೆಗೋ ಕರೆದೊಯ್ಯಬೇಕು. ಚೀಲ ಒಳಬಂದಲ್ಲಿಂದ ಹಣ ಪಾವತಿಯಾಗುವವರೆಗಿನ ವಿವರವನ್ನು ಅವರು ಕನ್ನಡದಲ್ಲಿ ಒಂದು ಪುಟ ಬರೆಯಲಿ; ಕೋಷ್ಟಕವನ್ನು ಮೊದಲು ಕಾಗದದ ಮೇಲೆ ಗೆರೆ ಹಾಕಿ ತುಂಬಲಿ. ಇದೇ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಜಾತ್ರೆಗೆಂದು ಊರಿಗೆ ಬಂದಾಗ, ಅರ್ಧ ದಿನ ಶಾಲೆಯಲ್ಲಿ ಕುಳಿತು ಆ ಹಾಳೆಗಳನ್ನು ತಿದ್ದಿಕೊಡಲಿ.