ಸಾಫ್ಟ್‌ಬಾಲ್ ನೋಡೋಕೆ ಜನ ಸಿಕ್ಕರು, ಎಸೆಯೋ ಹುಡುಗಿಯ ಭುಜ ಕಾಯೋರು ಯಾರು?

ವಿಶ್ಲೇಷಣೆ

2025ರ ಜೂನ್ 6ರಂದು ಅಮೆರಿಕದ ಒಕ್ಲಹಾಮ ಸಿಟಿಯಲ್ಲಿ ಕಾಲೇಜು ಹುಡುಗಿಯರ ಸಾಫ್ಟ್‌ಬಾಲ್ ಫೈನಲ್‌ನ ಮೂರನೇ ಪಂದ್ಯ ನಡೆಯಿತು. ಟೆಕ್ಸಾಸ್ ಟೆಕ್ ತಂಡದ ಪಿಚರ್ ನೈಜರಿ ಕೆನಡಿ ಮೊದಲ ಇನಿಂಗ್ಸ್‌ನಲ್ಲೇ 5 ರನ್ ಕೊಟ್ಟು ಹೊರಗೆ ಬಂದರು. ಆ ಟೂರ್ನಿಯಲ್ಲಿ ಅಲ್ಲಿವರೆಗೆ ತಂಡದ ಪರವಾಗಿ ಬಿದ್ದ ಪ್ರತಿಯೊಂದು ಎಸೆತವೂ ಅವರೊಬ್ಬರದ್ದೇ. ಎದುರಾಳಿ ಟೆಕ್ಸಾಸ್ ವಿಶ್ವವಿದ್ಯಾಲಯ 10-4ರಿಂದ ಗೆದ್ದು ಮೊದಲ ಸಲ ಚಾಂಪಿಯನ್ ಆಯ್ತು.

ಈ ಸರಣಿಯನ್ನು ಟಿವಿಯಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಕೆನಡಿ ಕೂಡ ಸುಮ್ಮನೆ ಬಂದ ಆಟಗಾರ್ತಿ ಅಲ್ಲ. ಸ್ಟ್ಯಾನ್‌ಫರ್ಡ್ ಬಿಟ್ಟು ಟೆಕ್ಸಾಸ್ ಟೆಕ್‌ಗೆ ಬರೋಕೆ ಅವರಿಗೆ ಸಿಕ್ಕ ಒಂದು ವರ್ಷದ ಒಪ್ಪಂದ 10 ಲಕ್ಷ ಡಾಲರ್ ದಾಟಿತ್ತು. ನಮ್ಮ ಲೆಕ್ಕದಲ್ಲಿ 8 ಕೋಟಿ ರೂಪಾಯಿಗೂ ಮೇಲೆ. ಅಂದರೆ ಆಟಕ್ಕೆ ದುಡ್ಡು ಬಂತು, ಜನವೂ ಬಂದರು. ಆದರೆ ಭಾರ ಹೊತ್ತಿದ್ದು ಮಾತ್ರ ಒಂದೇ ತೋಳು. ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ ಇವತ್ತು ಎಲ್ಲಿ ನಿಂತಿದೆ ಅನ್ನೋದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ಬೇಕಿಲ್ಲ.

ಹೆಸರಿಗೆ ಮಾತ್ರ ಸಾಫ್ಟ್

ಈ ಆಟ 1887ರಲ್ಲಿ ಶಿಕಾಗೋದ ಒಂದು ದೋಣಿ ಕ್ಲಬ್ಬಿನ ಒಳಾಂಗಣದಲ್ಲಿ ಶುರುವಾಯ್ತು. ಇದರಲ್ಲಿ ಎರಡು ಬಗೆ ಇದೆ. ಸ್ಲೋಪಿಚ್ ಅಂದರೆ ಚೆಂಡನ್ನು ಮೇಲಕ್ಕೆ ಕಮಾನಿನ ಹಾಗೆ ನಿಧಾನವಾಗಿ ಹಾಕೋದು. ಇನ್ನೊಂದು ಫಾಸ್ಟ್‌ಪಿಚ್. ಒಲಿಂಪಿಕ್ಸ್ ಮತ್ತು ಕಾಲೇಜು ಮಟ್ಟದಲ್ಲಿ ಆಡೋದು ಇದನ್ನೇ.

ಇಲ್ಲಿ ಪಿಚರ್ ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಿಂದ ಚೆಂಡು ಬಿಡಬೇಕು. ಪಿಚರ್ ಮತ್ತು ಬ್ಯಾಟರ್ ನಡುವೆ 43 ಅಡಿ. ಕ್ರಿಕೆಟ್ ಪಿಚ್ 66 ಅಡಿ ಅನ್ನೋದನ್ನ ನೆನಪಿಟ್ಟುಕೊಂಡರೆ ಎಷ್ಟು ಹತ್ತಿರ ಅಂತ ಗೊತ್ತಾಗುತ್ತೆ. ಒಳ್ಳೆ ಪಿಚರ್‌ಗಳ ಎಸೆತ ಗಂಟೆಗೆ 110 ಕಿ.ಮೀ. ಮುಟ್ಟುತ್ತೆ. ಬ್ಯಾಟ್ ಬೀಸಬೇಕೋ ಬಿಡಬೇಕೋ ಅಂತ ತೀರ್ಮಾನಿಸೋಕೆ ಅರ್ಧ ಸೆಕೆಂಡೂ ಸಿಗಲ್ಲ. 12 ಇಂಚು ಸುತ್ತಳತೆಯ ಆ ಚೆಂಡು ಕ್ರಿಕೆಟ್ ಚೆಂಡಿಗಿಂತ ದೊಡ್ಡದು. ಮೆತ್ತಗಂತೂ ಇಲ್ಲ.

ಏಳು ಇನಿಂಗ್ಸ್‌ನ ಪಂದ್ಯದಲ್ಲಿ ಒಬ್ಬಳು ಒಳ್ಳೆ ಪಿಚರ್ ಇದ್ದರೆ ಅರ್ಧ ಪಂದ್ಯ ಗೆದ್ದ ಹಾಗೆ. ಕೋಚಿಂಗ್‌ನ ಎಲ್ಲಾ ತಲೆನೋವೂ ಇಲ್ಲಿಂದಲೇ ಶುರು.

ಕೈ ಕೆಳಗಿಂದ ಎಸೆದರೆ ನೋವಾಗಲ್ವಾ?

ಅಂಡರ್‌ಆರ್ಮ್ ಎಸೆತ ಸಹಜ ಚಲನೆ, ಭುಜಕ್ಕೆ ಏನೂ ಆಗಲ್ಲ ಅನ್ನೋ ನಂಬಿಕೆ ಈ ಆಟದಲ್ಲಿ ಬಹಳ ಹಳೆಯದು. ಕ್ರೀಡಾ ವೈದ್ಯಕೀಯದವರು ಅಳೆದು ನೋಡಿದಾಗ ಬೇರೆಯೇ ಕಥೆ ಸಿಕ್ಕಿತು. ಈ ಎಸೆತದಲ್ಲಿ ಭುಜದ ಮೇಲೆ ಬೀಳೋ ಒತ್ತಡ ಬೇಸ್‌ಬಾಲ್ ಪಿಚರ್‌ಗಳ ಒತ್ತಡಕ್ಕೆ ಹೋಲಿಸುವಷ್ಟೇ ಇದೆ.

ನಿಯಮ ಮಾತ್ರ ನಂಬಿಕೆಯ ಹಿಂದೆಯೇ ನಿಂತಿದೆ. ಮಕ್ಕಳ ಬೇಸ್‌ಬಾಲ್‌ನಲ್ಲಿ ಲಿಟಲ್ ಲೀಗ್ ಸಂಸ್ಥೆ 2007ರಿಂದ ಎಸೆತಗಳನ್ನೇ ಎಣಿಸುತ್ತೆ. 11-12 ವರ್ಷದ ಹುಡುಗನಿಗೆ ದಿನಕ್ಕೆ 85 ಎಸೆತ, ಅಲ್ಲಿಗೆ ಮುಗೀತು. ಅದೇ ಸಂಸ್ಥೆಯ ಸಾಫ್ಟ್‌ಬಾಲ್‌ನಲ್ಲಿ ಲೆಕ್ಕ ಇನಿಂಗ್ಸ್‌ನದ್ದು, ಎಸೆತದ್ದಲ್ಲ. ಒಂದು ಇನಿಂಗ್ಸ್ 10 ಎಸೆತಕ್ಕೂ ಮುಗೀಬಹುದು, 40ಕ್ಕೂ ಹೋಗಬಹುದು. ಕಾಲೇಜಿಗೆ ಬಂದರೆ ಎಸೆತದ ಮಿತಿಯೇ ಇಲ್ಲ. ಎಲ್ಲಾ ಕೋಚ್ ವಿವೇಚನೆಗೆ ಬಿಟ್ಟಿದ್ದು. ಗೆಲ್ಲಲೇಬೇಕಾದ ಪಂದ್ಯದಲ್ಲಿ ಆ ವಿವೇಚನೆ ಎಷ್ಟು ಗಟ್ಟಿ ಇರುತ್ತೆ?

ಇದು ಅಮೆರಿಕದ ಕಥೆ ಮಾತ್ರ ಅಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಎನೊ ಎರಡೇ ದಿನದಲ್ಲಿ ಮೂರು ಪಂದ್ಯ ಆಡಿ 413 ಎಸೆತ ಹಾಕಿದರು. ಜಪಾನ್ ಅಮೆರಿಕವನ್ನು 3-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಅದನ್ನ ಇವತ್ತಿಗೂ ಸಾಹಸ ಅಂತಲೇ ಹೇಳ್ತಾರೆ, ಸಾಹಸವೂ ಹೌದು. ಆದರೆ ಅಂಥ ಕಥೆ ಕೇಳಿ ಬೆಳೆದ 12 ವರ್ಷದ ಹುಡುಗಿ ಭುಜ ನೋಯ್ತಿದೆ ಅಂತ ಬಾಯಿ ಬಿಡ್ತಾಳಾ ಅನ್ನೋದು ಪ್ರಶ್ನೆ.

ಬಕೆಟ್ ಮೇಲೆ ಕೂತ ಅಪ್ಪಂದಿರು

ಅಮೆರಿಕದಲ್ಲಿ ಈ ಆಟವನ್ನು ಬೆಳೆಸಿದ್ದು ಒಂದು ಕಾನೂನು. 1972ರಲ್ಲಿ ಬಂದ ಟೈಟಲ್ ನೈನ್, ಸರ್ಕಾರದ ಹಣ ಪಡೆಯೋ ಶಿಕ್ಷಣ ಸಂಸ್ಥೆಗಳು ಹೆಣ್ಣುಮಕ್ಕಳಿಗೆ ತಾರತಮ್ಯ ಮಾಡುವಂತಿಲ್ಲ ಅಂತ ಹೇಳಿತು. ಅದರಿಂದ ಶಾಲೆ, ಕಾಲೇಜುಗಳಲ್ಲಿ ಹುಡುಗಿಯರ ತಂಡ ಹುಟ್ಟಿದವು. ಈಗ ಅಲ್ಲಿನ ಹೈಸ್ಕೂಲುಗಳಲ್ಲೇ 3 ಲಕ್ಷಕ್ಕೂ ಹೆಚ್ಚು ಹುಡುಗಿಯರು ಸಾಫ್ಟ್‌ಬಾಲ್ ಆಡ್ತಾರೆ.

ಕೋಚಿಂಗ್‌ನ ಬುನಾದಿ ಮನೆಯ ಹಿತ್ತಲಲ್ಲೇ ಇದೆ. ಮಗಳು ಎಸೀತಾಳೆ, ಅಪ್ಪ ಬಕೆಟ್ ಮಗುಚಿ ಹಾಕಿ ಅದರ ಮೇಲೆ ಕೂತು ಹಿಡೀತಾನೆ. ಇವರಿಗೆ 'ಬಕೆಟ್ ಡ್ಯಾಡ್' ಅಂತಲೇ ಹೆಸರು. ಊರಿನ ಲೀಗ್‌ಗಳಲ್ಲಿ ತರಬೇತಿ ಕೊಡೋರು, ಅಂಕ ಬರೆಯೋರು, ಗೆರೆ ಎಳೆಯೋರು ಬಹುತೇಕ ಸಂಬಳ ಇಲ್ಲದ ಅಪ್ಪ ಅಮ್ಮಂದಿರೇ.

ಮೇಲಕ್ಕೆ ಹೋದ ಹಾಗೆ ಚಿತ್ರ ಬದಲಾಗುತ್ತೆ. ಕಾಲೇಜು ಕೋಚ್‌ಗಳ ಕಣ್ಣಿಗೆ ಬೀಳಬೇಕು ಅಂದರೆ 'ಟ್ರಾವೆಲ್ ಬಾಲ್' ಅನ್ನೋ ಖಾಸಗಿ ಕ್ಲಬ್ ಸೇರಬೇಕು. ಶುಲ್ಕ, ಪ್ರಯಾಣ, ಹೋಟೆಲ್, ಪಿಚಿಂಗ್‌ಗೆ ಬೇರೆ ಖಾಸಗಿ ಪಾಠ ಎಲ್ಲಾ ಸೇರಿ ವರ್ಷಕ್ಕೆ ಸಾವಿರಾರು ಡಾಲರ್. ಒಂದೇ ವಾರಾಂತ್ಯದಲ್ಲಿ ನಾಲ್ಕೈದು ಪಂದ್ಯ. ದುಡ್ಡಿಲ್ಲದ ಮನೆಯ ಹುಡುಗಿ ಹೊರಗೆ ಉಳೀತಾಳೆ, ದುಡ್ಡಿರೋ ಮನೆಯ ಹುಡುಗಿ ವಿಶ್ರಾಂತಿ ಇಲ್ಲದೆ ಎಸೀತಾಳೆ. ನಷ್ಟ ಇಬ್ಬರಿಗೂ.

ನಿಯಮ ಬಿಗಿ ಮಾಡಿದರೆ ಕೆಲಸ ಆಗುತ್ತೆ ಅನ್ನೋದಕ್ಕೂ ಸಾಕ್ಷಿ ಇದೆ. ಒಂದು ಕಾಲಕ್ಕೆ ಏಳನೇ, ಎಂಟನೇ ಕ್ಲಾಸಿನ ಹುಡುಗಿಯರೇ ಯಾವ ಕಾಲೇಜಿಗೆ ಹೋಗ್ತೀವಿ ಅಂತ ಬಾಯಿಮಾತಿನಲ್ಲಿ ಒಪ್ಪಿಕೊಳ್ತಿದ್ದರು. 2018ರಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ, ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ರ ತನಕ ಕೋಚ್‌ಗಳು ಮಾತೇ ಆಡಿಸುವಂತಿಲ್ಲ ಅಂತ ನಿಯಮ ತಂದಿತು. ಕಾಲೇಜು ಆಯ್ಕೆಗೆ ತಡೆ ಹಾಕೋಕೆ ಆಗಿದ್ದು ಎಸೆತದ ಎಣಿಕೆಗೆ ಯಾಕೆ ಆಗಲ್ಲ?

ಊರಿದ್ದರೆ ಅಭಿಮಾನಿ

ಅಭಿಮಾನಿಗಳ ವಿಷಯಕ್ಕೆ ಬಂದರೆ, ಒಲಿಂಪಿಕ್ಸ್ ಈ ಆಟದ ಕೈ ಹಿಡಿದಿದ್ದು ಕಡಿಮೆ. 1996ರಲ್ಲಿ ಸೇರಿಸಿದರು, 2008ರ ನಂತರ ತೆಗೆದರು. ಟೋಕಿಯೊದಲ್ಲಿ ಮತ್ತೆ ಬಂತು, ಅದೂ ಕೊರೊನಾ ಕಾಲ. ಜಪಾನ್ 2-0ರಿಂದ ಅಮೆರಿಕವನ್ನು ಸೋಲಿಸಿ ಚಿನ್ನ ಗೆದ್ದಾಗ ಗ್ಯಾಲರಿ ಖಾಲಿ. 39 ವರ್ಷದ ಉಎನೊ ಆಗಲೂ ತಂಡದಲ್ಲಿದ್ದರು. ಪ್ಯಾರಿಸ್‌ನಲ್ಲಿ ಮತ್ತೆ ಇಲ್ಲ. 2028ರ ಲಾಸ್ ಏಂಜಲೀಸ್‌ನಲ್ಲಿ ಮತ್ತೆ ಇದೆ.

ಹೀಗೆ ಒಳಗೆ ಹೊರಗೆ ಆಗ್ತಿದ್ದರೂ ಆಟ ಸಾಯಲಿಲ್ಲ. ಯಾಕೆಂದರೆ ಅದನ್ನ ಹಿಡಿದಿಟ್ಟಿದ್ದು ಊರುಗಳು. ಒಕ್ಲಹಾಮ ಸಿಟಿ 1990ರಿಂದ, ಒಂದು ವರ್ಷ ಬಿಟ್ಟು, ಕಾಲೇಜು ಫೈನಲ್ ನಡೆಸ್ತಾ ಬಂದಿದೆ. ಅಲ್ಲಿನ ಕ್ರೀಡಾಂಗಣದಲ್ಲಿ ಈಗ ಸುಮಾರು 13 ಸಾವಿರ ಜನ ಕೂರಬಹುದು. ಒಕ್ಲಹಾಮ ವಿಶ್ವವಿದ್ಯಾಲಯದ ತಂಡವನ್ನು 1995ರಿಂದ ಒಬ್ಬರೇ ಕೋಚ್, ಪ್ಯಾಟಿ ಗ್ಯಾಸೊ ನೋಡಿಕೊಂಡಿದ್ದಾರೆ. 2021ರಿಂದ 2024ರವರೆಗೆ ನಾಲ್ಕು ಸಲ ಸತತ ಚಾಂಪಿಯನ್. ಇದರ ಫಲ ನೋಡಿ: ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಪಂದ್ಯಗಳು ಲಾಸ್ ಏಂಜಲೀಸ್‌ನಲ್ಲಿ ಅಲ್ಲ, ಸುಮಾರು ಎರಡು ಸಾವಿರ ಕಿ.ಮೀ. ದೂರದ ಇದೇ ಒಕ್ಲಹಾಮ ಸಿಟಿಯಲ್ಲಿ.

ಜಪಾನಿನಲ್ಲಿ ಈ ಜಾಗ ಕಂಪನಿಗಳದ್ದು. ಟೊಯೋಟಾ, ಹಿಟಾಚಿ ಅಂಥ ಕಂಪನಿಗಳು ತಂಡ ಸಾಕುತ್ತವೆ. ಬೆಂಗಳೂರಿನ ಫುಟ್‌ಬಾಲ್‌ನಲ್ಲಿ ಎಚ್‌ಎಎಲ್, ಐಟಿಐ ತಂಡಗಳು ಇದ್ದವಲ್ಲ, ಹೆಚ್ಚುಕಮ್ಮಿ ಹಾಗೆ.

ಊರಿಲ್ಲದೆ ಆಡಿದರೆ ಏನಾಗುತ್ತೆ ಅನ್ನೋ ಪಾಠವೂ ಅಮೆರಿಕಕ್ಕೆ ಸಿಕ್ಕಿದೆ. 2004ರಿಂದ ನಡೆದ ವೃತ್ತಿಪರ ಲೀಗ್ 2021ರಲ್ಲಿ ಬಾಗಿಲು ಹಾಕಿತು. 2025ರಲ್ಲಿ ಬೇಸ್‌ಬಾಲ್‌ನ ದೊಡ್ಡ ಲೀಗ್ ಎಂಎಲ್‌ಬಿ ಹಣ ಹಾಕಿದ ಹೊಸ ಲೀಗ್ ಎಯುಎಸ್‌ಎಲ್ ನಾಲ್ಕು ತಂಡಗಳೊಂದಿಗೆ ಊರೂರು ತಿರುಗಿ ಆಡಿತು. ಎರಡನೇ ವರ್ಷಕ್ಕೆ ತಂಡಗಳಿಗೆ ತವರು ಊರು ಕೊಡೋ ತೀರ್ಮಾನವೇ ಆಯ್ತು. ತಂಡಕ್ಕೆ ಒಂದು ಊರು ಬೇಕು, ಊರಿಗೆ ಒಂದು ತಂಡ ಬೇಕು ಅನ್ನೋದು ಅರ್ಥ ಆದ ಹಾಗಿದೆ.

ನಮಗೇನು?

ಭಾರತ ಇದುವರೆಗೆ ಒಲಿಂಪಿಕ್ಸ್ ಸಾಫ್ಟ್‌ಬಾಲ್ ಆಡಿಲ್ಲ. ಆದರೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟದ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಇದೆ. ಅದೇ ಲಾಸ್ ಏಂಜಲೀಸ್‌ನಲ್ಲಿ ಕ್ರಿಕೆಟ್ ಕೂಡ ವಾಪಸ್ ಬರ್ತಿರೋದರಿಂದ 2028ರಲ್ಲಿ ನಮ್ಮ ಕಣ್ಣೆಲ್ಲಾ ಆ ಕಡೆಗೇ ಇರುತ್ತೆ. ಆಗ ಶಾಲೆಗಳಲ್ಲಿ ಸಾಫ್ಟ್‌ಬಾಲ್ ಆಡಿಸೋಣ ಅನ್ನೋ ಉತ್ಸಾಹವೂ ಹುಟ್ಟಬಹುದು.

ಹುಟ್ಟಲಿ. ಆದರೆ ಆಡಿಸೋ ಪಿಇ ಮೇಷ್ಟ್ರು, ಮೇಡಂಗಳು ಮೊದಲ ದಿನವೇ ಎರಡು ಕೆಲಸ ಮಾಡಬೇಕು. ಒಂದೇ ಹುಡುಗಿ ಕೈಗೆ ಚೆಂಡು ಕೊಟ್ಟು ಕೂರದೆ ಕನಿಷ್ಠ ಮೂರು ಜನರಿಗೆ ಎಸೆಯೋದು ಕಲಿಸಬೇಕು. ಪಕ್ಕದಲ್ಲಿ ಒಬ್ಬರನ್ನ ನೋಟ್‌ಬುಕ್ ಕೊಟ್ಟು ಕೂರಿಸಿ ಪ್ರತಿ ಎಸೆತ ಎಣಿಸಬೇಕು. ಇದಕ್ಕೆ ಹೊಸ ಕ್ರೀಡಾಂಗಣವೂ ಬೇಡ, ಅನುದಾನವೂ ಬೇಡ. ಕೋಟಿ ಕೋಟಿ ಸುರಿದ ದೇಶ ಇನ್ನೂ ಸರಿಯಾಗಿ ಮಾಡದ ಕೆಲಸವನ್ನ ಒಂದು ಪೆನ್ನು, ಒಂದು ನೋಟ್‌ಬುಕ್ಕಿನಲ್ಲಿ ಶುರು ಮಾಡಬಹುದು.