ಬೈಗುಳ ಲಿನಕ್ಸ್‌ಗೆ, ತಪ್ಪು ಯಾರದ್ದು?

ಅಲ್ಲಾ ಸ್ವಾಮಿ, ವೈ-ಫೈ ಕಾರ್ಡ್ ಕೆಲಸ ಮಾಡದಿದ್ದರೆ ಎಲ್ಲರ ಬಾಯಲ್ಲೂ ಒಂದೇ ಮಾತು - "ಲಿನಕ್ಸ್ ಸರಿಯಿಲ್ಲ, ವಿಂಡೋಸ್ ಹಾಕ್ಕೋ". ಕೇಳಿ ಕೇಳಿ ಸಾಕಾಗಿದೆ. ಆ ಕಾರ್ಡ್ ಮಾಡಿದವನನ್ನು ಬೈದವರನ್ನು ಮಾತ್ರ ನಾನು ಕಾಣೆ.

ನನ್ನ ಡೆಸ್ಕ್‌ಟಾಪಿಗೆ ತಂದ ಕಾರ್ಡನ್ನೇ ತಗೊಳ್ಳಿ. (ಕಂಪನಿ ಹೆಸರು ಬೇಡ, ಬಿಡಿ.) ಡಬ್ಬದ ಮೇಲೆ ದೊಡ್ಡದಾಗಿ 'ಲಿನಕ್ಸ್ ಬೆಂಬಲ' ಅಂತ ಅಚ್ಚಾಗಿತ್ತು. ಕೊಟ್ಟಿದ್ದು ಯಾವುದೋ ಕಾಲದ ಕರ್ನೆಲ್‌ಗೆ ಬರೆದ ಡ್ರೈವರ್. ಈಗಿನ ಕರ್ನೆಲ್‌ನಲ್ಲಿ ಕಂಪೈಲ್ ಮಾಡಹೋದರೆ ಪುಟಗಟ್ಟಲೆ ಎರರ್! ಅದೇ ಮಾಡೆಲ್ಲಿನ ಹಳೇ ಕಾರ್ಡು ಗೆಳೆಯನ ಹತ್ತಿರ ಚೆನ್ನಾಗೇ ಓಡ್ತಿದೆ. ಯಾಕೆ ಗೊತ್ತಾ? ಮಾಡೆಲ್ ನಂಬರ್ ಹಾಗೇ ಇಟ್ಟು ಒಳಗಿನ ಚಿಪ್ಪನ್ನೇ ಬದಲಾಯಿಸಿದ್ದಾರೆ. ಇದರಲ್ಲಿ ಲಿನಕ್ಸ್‌ನ ತಪ್ಪೇನು?

"ಕರ್ನೆಲ್ ಯಾಕೆ ಪದೇ ಪದೇ ಬದಲಾಗಬೇಕು?" ಅಂತೀರಾ? ಕರ್ನೆಲ್ ಮೂಲದೊಳಗೇ ಸೇರಿಕೊಂಡ ಡ್ರೈವರ್‌ಗಳಿಗೆ ಆ ಚಿಂತೆಯಿಲ್ಲ. ಒಳಗೆ ಏನಾದರೂ ಬದಲಿಸಿದವರು ಅವನ್ನೂ ತಾವೇ ಸರಿಮಾಡುತ್ತಾರೆ. ಕಂಪನಿ ಹೊರಗಿಟ್ಟುಕೊಂಡ ಡ್ರೈವರ್ ಮಾತ್ರ ಅನಾಥ.

2007ರ ಜನವರಿಯಲ್ಲೇ ಕರ್ನೆಲ್ ಡೆವಲಪರ್ ಗ್ರೆಗ್ ಕ್ರೋ-ಹಾರ್ಟ್‌ಮನ್ ಎಲ್ಲ ಕಂಪನಿಗಳಿಗೂ ಬಹಿರಂಗವಾಗಿ ಹೇಳಿದ್ದರು - ನಿಮ್ಮ ಹಾರ್ಡ್‌ವೇರಿನ ವಿವರ ಕೊಡಿ, ಡ್ರೈವರ್ ನಾವೇ ಬರೆದುಕೊಡ್ತೀವಿ ಅಂತ. ಪುಕ್ಕಟೆ ಸ್ವಾಮಿ! ಬ್ರಾಡ್‌ಕಾಮ್ ವೈ-ಫೈ ಚಿಪ್ಪುಗಳ ವಿಷಯದಲ್ಲಿ ಆದದ್ದೇನು? ವಿವರ ಸಿಗದೆ, ಒಂದಷ್ಟು ಜನ ಕಂಪನಿಯ ಡ್ರೈವರನ್ನೇ ಬಿಡಿಸಿ ನೋಡಿ ಟಿಪ್ಪಣಿ ಮಾಡಿದರು. ಇನ್ನೊಂದಷ್ಟು ಜನ ಆ ಟಿಪ್ಪಣಿ ಓದಿ ಬಿ43 ಡ್ರೈವರ್ ಬರೆದರು. 2008ರ ಜನವರಿಯ 2.6.24 ಕರ್ನೆಲ್‌ಗೆ ಅದು ಸೇರಿತು. ಕಂಪನಿ ತಾನೇ ಮುಕ್ತ ಡ್ರೈವರ್ ಕೊಟ್ಟಿದ್ದು 2010ರ ಸೆಪ್ಟೆಂಬರಿನಲ್ಲಿ, ಅದೂ ಕೆಲವೇ ಚಿಪ್ಪುಗಳಿಗೆ.

ಇದು ನಮಗೇನು ಹೊಸದಲ್ಲ. ಹಳೇ ಆಸ್ಕಿ ಫಾಂಟುಗಳ ಕಾಲ ನೆನಪಿದೆಯಾ? ಒಂದು ತಂತ್ರಾಂಶದಲ್ಲಿ ಕುಟ್ಟಿದ ಲೇಖನ ಇನ್ನೊಂದರಲ್ಲಿ ತೆರೆದರೆ ಬರೀ ಚಿತ್ರಲಿಪಿ! ಆಗ ನಾವು ಕನ್ನಡವೇ ಸರಿಯಿಲ್ಲ ಅಂದೆವಾ? ಎಲ್ಲರಿಗೂ ಒಂದೇ ಮುಕ್ತ ಸಂಕೇತ ಬೇಕು ಅಂದೆವು, ಯೂನಿಕೋಡಿಗೆ ಬಂದೆವು. ಕಾರ್ಡಿನ ವಿಷಯದಲ್ಲೂ ಕೇಳಬೇಕಾದ್ದು ಅದನ್ನೇ.

ಬೈಯುವ ಮೊದಲು ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಕೊಟ್ಟು ನೋಡಿ. ಚಿಪ್ ಯಾರದ್ದು, ಅದರ ಸಂಖ್ಯೆ ಏನು ಎಲ್ಲ ಗೊತ್ತಾಗುತ್ತೆ. 8086 ಅಂತ ಶುರುವಾದರೆ ಇಂಟೆಲ್. 'ಕರ್ನೆಲ್ ಡ್ರೈವರ್ ಇನ್ ಯೂಸ್' ಅನ್ನೋ ಸಾಲೇ ಇಲ್ಲದಿದ್ದರೆ ಯಾವ ಡ್ರೈವರೂ ಅದನ್ನು ಹಿಡಿದಿಲ್ಲ ಅಂತರ್ಥ. ಸಾಲು ಇದ್ದೂ ಕಾರ್ಡು ಸುಮ್ಮನೆ ಕೂತಿದ್ದರೆ 'ಡಿಮೆಸ್ಗ್' ಓದಿ, ಫರ್ಮ್‌ವೇರ್ ಫೈಲ್ ಸಿಗಲಿಲ್ಲ ಅನ್ನೋ ದೂರು ಇರಬಹುದು. ಡೆಬಿಯನ್‌ನವರು 2023ರ 12ನೇ ಆವೃತ್ತಿಯಿಂದ ಅಂಥ ಫರ್ಮ್‌ವೇರನ್ನು ಇನ್‌ಸ್ಟಾಲರ್ ಜೊತೆಗೇ ಕೊಡ್ತಿದ್ದಾರೆ. ಕೈಲಾದದ್ದನ್ನು ಅವರು ಮಾಡ್ತಾನೇ ಇದ್ದಾರೆ.

ಬಿಸ್ಕತ್ ಪೊಟ್ಟಣದ ಮೇಲೆ ಒಳಗೇನಿದೆ ಅಂತ ಬರೆದಿರುತ್ತೆ. ಸಾವಿರಾರು ರೂಪಾಯಿ ಕೊಟ್ಟು ತರುವ ಕಾರ್ಡಿನ ಡಬ್ಬದ ಮೇಲೆ ಚಿಪ್ಪಿನ ಹೆಸರು ಬರೆಯೋಕೆ ಏನು ಧಾಡಿ? ಇನ್ನು ಮೇಲೆ ಅಂಗಡಿಯಲ್ಲಿ ಮೊದಲು ಚಿಪ್ ಯಾವುದು ಅಂತ ಕೇಳೋಣ. ಹೇಳದಿದ್ದರೆ ದುಡ್ಡು ಜೇಬಲ್ಲೇ ಇರಲಿ.

ಏನಂತೀರಿ?